ಬೀಗದ ಅಂಕಿ, ಪಾಸ್‌ವರ್ಡ್ ಲೆಕ್ಕ

ಮಕ್ಕಳೇ, ಕೀಲಿಕೈ ಇಲ್ಲದ ಬೀಗವನ್ನು ನೋಡಿದ್ದೀರಾ? ಸೈಕಲ್ಲಿಗೆ, ಸೂಟ್‌ಕೇಸಿಗೆ ಹಾಕುತ್ತಾರಲ್ಲ, ಅದು. ಅದರಲ್ಲಿ ಮೂರು ಪುಟ್ಟ ಚಕ್ರಗಳು. ಪ್ರತಿ ಚಕ್ರದ ಮೇಲೂ 0 ಯಿಂದ 9 ರವರೆಗೆ ಅಂಕಿಗಳು. ಸರಿಯಾದ ಮೂರು ಅಂಕಿ ಒಂದೇ ಸಾಲಿಗೆ ಬಂದರೆ ಬೀಗ ತೆರೆಯುತ್ತದೆ. ಆ ಅಂಕಿ ಗೊತ್ತಿಲ್ಲದ ಕಳ್ಳ 000, 001, 002 ಎಂದು ತಿರುಗಿಸುತ್ತಾ ಕುಳಿತರೆ? ಒಟ್ಟು ಸಾಧ್ಯತೆಗಳು 10 × 10 × 10 = 1000. ಒಂದೊಂದಕ್ಕೆ ಒಂದು ಸೆಕೆಂಡು ಹಿಡಿದರೂ 17 ನಿಮಿಷದೊಳಗೆ ಬೀಗ ತೆರೆದೇ ತೆರೆಯುತ್ತದೆ! ಇನ್ನೊಂದು ಚಕ್ರ ಸೇರಿಸಿದರೆ 10,000 ಸೆಕೆಂಡು, ಅಂದರೆ ಸುಮಾರು ಎರಡೂ ಮುಕ್ಕಾಲು ಗಂಟೆ ಬೇಕು.

ಕಂಪ್ಯೂಟರಿನ ಪಾಸ್‌ವರ್ಡ್ ಕೂಡ ಇಂಥದೇ ಬೀಗ. ಒಂದೇ ಕಂಪ್ಯೂಟರನ್ನು ಹಲವರು ಬಳಸುವಾಗ ಒಬ್ಬರ ಕಡತವನ್ನು ಇನ್ನೊಬ್ಬರು ತೆರೆಯಬಾರದಲ್ಲ? ಅದಕ್ಕಾಗಿ 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಪಾಸ್‌ವರ್ಡನ್ನು ಬಳಕೆಗೆ ತಂದರು. ತಮಾಷೆ ನೋಡಿ, ಕೆಲವೇ ವರ್ಷಗಳಲ್ಲಿ ಅಲ್ಲೊಂದು ಎಡವಟ್ಟಾಯಿತು. ಆ ದಿನದ ಸೂಚನೆ ಕಾಣಿಸಬೇಕಾದ ಜಾಗದಲ್ಲಿ ಎಲ್ಲರ ಪಾಸ್‌ವರ್ಡ್‌ಗಳ ಪಟ್ಟಿಯೇ ಬಂದವರಿಗೆಲ್ಲ ಕಾಣಿಸಿತು!

ಈಗ ಜಾಗರೂಕರಾದವರು ಪಾಸ್‌ವರ್ಡನ್ನು ಇದ್ದ ಹಾಗೆಯೇ ಬರೆದಿಡುವುದಿಲ್ಲ. ಗಣಿತದ ಒಂದು ವಿಧಾನದಿಂದ ಅದನ್ನು 'ಬೀಸಿ', ಬಂದ ಹಿಟ್ಟನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ರಾಗಿ ಹಿಟ್ಟು ಮತ್ತೆ ಕಾಳಾಗುತ್ತದೆಯೇ? ಇಲ್ಲ. ಆದರೆ ಹಿಟ್ಟಿನ ಕಡತವನ್ನೇ ಕದ್ದ ಕಳ್ಳ ಸುಮ್ಮನಿರುವುದಿಲ್ಲ. ತಾನೂ ಒಂದೊಂದೇ ಪದವನ್ನು ಬೀಸಿ, ಎರಡೂ ಹಿಟ್ಟು ಒಂದೇ ಆಗಿದೆಯೇ ಎಂದು ಹೋಲಿಸುತ್ತಾನೆ.

ಅವನ ಯಂತ್ರ ಸೆಕೆಂಡಿಗೆ ಒಂದು ಕೋಟಿ ಪದ ಬೀಸುತ್ತದೆ ಎಂದುಕೊಳ್ಳೋಣ. ಇಂಗ್ಲಿಷಿನ ಸಣ್ಣ ಅಕ್ಷರಗಳು 26. ಎಂಟು ಅಕ್ಷರದ ಪಾಸ್‌ವರ್ಡಿಗೆ 26ನ್ನು ಎಂಟು ಸಲ ಗುಣಿಸಬೇಕು. ಉತ್ತರ 20,000 ಕೋಟಿಗೂ ಹೆಚ್ಚು. ಅಬ್ಬಾ ಎನಿಸಿತೇ? ಯಂತ್ರ ಅದನ್ನು ಆರು ಗಂಟೆಯೊಳಗೆ ಮುಗಿಸುತ್ತದೆ. ದೊಡ್ಡ ಅಕ್ಷರ ಮತ್ತು ಅಂಕಿಗಳನ್ನೂ ಬೆರೆಸಿದರೆ ಸುಮಾರು 250 ದಿನ. ಅದರ ಬದಲು ಬರೀ ಸಣ್ಣ ಅಕ್ಷರಗಳನ್ನೇ ಹನ್ನೆರಡು ಇಟ್ಟರೆ? 300 ವರ್ಷ! ಉದ್ದಕ್ಕೆ ಇರುವ ಬಲ ಕಂಡಿತಲ್ಲ.

ಇದೆಲ್ಲ ಅಕ್ಷರಗಳು ಗೊತ್ತುಗುರಿಯಿಲ್ಲದೆ ಬಂದಿದ್ದರೆ ಮಾತ್ರ. ನಿಮ್ಮ ಹೆಸರು, ಹುಟ್ಟಿದ ವರ್ಷ, ಊರಿನ ಹೆಸರುಗಳನ್ನು ಕಳ್ಳ ಮೊದಲೇ ಬೀಸಿ ನೋಡುತ್ತಾನೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ ಮೂರು ಕೋಟಿಗೂ ಹೆಚ್ಚು ಪಾಸ್‌ವರ್ಡ್‌ಗಳು ಕಳುವಾದವು. ಅವೆಲ್ಲ ಬೀಸದೆ ಇಟ್ಟ ಕಾಳುಗಳು! ಅವುಗಳಲ್ಲಿ ಅತಿ ಹೆಚ್ಚು ಜನ ಇಟ್ಟುಕೊಂಡಿದ್ದದ್ದು ಯಾವುದು ಗೊತ್ತೇ? 123456.

ಹಾಗಾದರೆ ಎ.ಟಿ.ಎಂ.ಗೆ ನಾಲ್ಕೇ ಅಂಕಿ ಹೇಗೆ ಸಾಕು ಎನ್ನುತ್ತೀರಾ? ಒಳ್ಳೆಯ ಪ್ರಶ್ನೆ. ಅಲ್ಲಿ ಸಾಮಾನ್ಯವಾಗಿ ಮೂರು ಸಲ ತಪ್ಪಿದರೆ ಕಾರ್ಡು ನಿಂತುಹೋಗುತ್ತದೆ. 10,000 ಸಾಧ್ಯತೆಗಳಲ್ಲಿ ಮೂರೇ ಅವಕಾಶ. ಆದ್ದರಿಂದ ಕಳ್ಳ ಊಹಿಸುವ ಗೋಜಿಗೆ ಹೋಗದೆ ನೇರವಾಗಿ ಕೇಳಿಬಿಡುತ್ತಾನೆ. "ಬ್ಯಾಂಕಿನಿಂದ ಮಾತಾಡ್ತಿದ್ದೀವಿ ಅಮ್ಮ, ನಿಮ್ಮ ಖಾತೆ ನಿಂತುಹೋಗುತ್ತೆ, ಬಂದಿರೋ ನಂಬರ್ ಹೇಳಿ" ಎನ್ನುತ್ತಾನೆ. ನಿಮ್ಮ ಅಜ್ಜಿ ಗಾಬರಿಯಿಂದ ಹೇಳಿಬಿಟ್ಟರೆ ವೃದ್ಧಾಪ್ಯ ವೇತನವೆಲ್ಲ ಹೋದೀತು. ನೀವು ಪಕ್ಕದಲ್ಲಿದ್ದರೆ ಫೋನ್ ಇಡಿಸಿ. ಪಿನ್ ಅನ್ನಾಗಲಿ ಒ.ಟಿ.ಪಿ.ಯನ್ನಾಗಲಿ ಬ್ಯಾಂಕಿನವರು ಫೋನಿನಲ್ಲಿ ಕೇಳುವುದಿಲ್ಲ ಎಂದು ಅಜ್ಜಿಗೆ ತಿಳಿಸಿ.

ಮಾಡಿ ನೋಡಿ: ಶಾಲೆಯ ಕನ್ನಡ ನಿಘಂಟನ್ನು ತೆಗೆದುಕೊಳ್ಳಿ. ಕಣ್ಣು ಮುಚ್ಚಿ ಐದು ಕಡೆ ತೆರೆದು, ಪ್ರತಿ ಸಲವೂ ಬೆರಳಿಗೆ ಸಿಕ್ಕ ಪದವನ್ನು ಬರೆದುಕೊಳ್ಳಿ. ಹುಣಸೆ, ಏಣಿ, ಮೋಡ, ಕಂಬಳಿ, ಸುತ್ತಿಗೆ ಎಂದು ಬಂತೆನ್ನಿ. ಮೋಡಕ್ಕೆ ಏಣಿ ಹಾಕಿದ ಚಿತ್ರವೊಂದನ್ನು ಕಲ್ಪಿಸಿಕೊಂಡರೆ ನೆನಪಿಡುವುದು ಸುಲಭ. ಇವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಟ್ಟಾಗಿ ಬರೆದರೆ ಉದ್ದನೆಯ ಪಾಸ್‌ವರ್ಡ್ ಸಿದ್ಧ. (ಈ ಐದನ್ನೇ ಇಟ್ಟುಕೊಳ್ಳಬೇಡಿ, ಅಚ್ಚಾಗಿ ಎಲ್ಲ ಶಾಲೆಗೂ ಹೋಗಿದೆ!)

ನಿಘಂಟಿನಲ್ಲಿ 2000 ಪದಗಳಿವೆ, ಕಳ್ಳನ ಬಳಿಯೂ ಅದೇ ನಿಘಂಟು ಇದೆ ಎಂದುಕೊಳ್ಳಿ. ಐದು ಪದಗಳ ಎಲ್ಲ ಜೋಡಣೆಗಳನ್ನೂ ಬೀಸಲು ಅವನ ಯಂತ್ರಕ್ಕೆ ಎಷ್ಟು ವರ್ಷ ಬೇಕು? 2000ವನ್ನು ಐದು ಸಲ ಗುಣಿಸಿ, ಒಂದು ಕೋಟಿಯಿಂದ ಭಾಗಿಸಿ. ವರ್ಷಕ್ಕೆ 3,15,36,000 ಸೆಕೆಂಡು. ನಿಮ್ಮ ಉತ್ತರ ನೂರು ದಾಟಿದರೆ ಲೆಕ್ಕ ಸರಿಯಾಗಿದೆ. ನಾಲ್ಕೇ ಪದ ಇದ್ದರೆ ಎಷ್ಟು ದಿನವಾದೀತು, ಅದನ್ನೂ ಕಂಡುಹಿಡಿಯಿರಿ.