ಬಾಲ್ಯದ ನೋವು ಮತ್ತು ಬೆಳೆದವರ ವ್ಯಕ್ತಿತ್ವ

ಮನುಷ್ಯನ ಸ್ವಭಾವವನ್ನು ಕುರಿತು ಕನ್ನಡ ನಾಡಿನಲ್ಲಿ ಎರಡು ಗಾದೆಗಳು ಬಳಕೆಯಲ್ಲಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬುದು ಒಂದು. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂಬುದು ಇನ್ನೊಂದು. ಮೊದಲನೆಯದು ಸ್ವಭಾವದ ಹೊಣೆಯನ್ನು ಹುಟ್ಟಿನ ಮೇಲೆ ಹೊರಿಸಿದರೆ, ಎರಡನೆಯದು ಎಳವೆಯ ಪಾಲನೆಯ ಮೇಲೆ ಹೊರಿಸುತ್ತದೆ. ಬೆಳೆದವರು ಬದಲಾಗಲಾರರೆಂಬ ವಿಷಯದಲ್ಲಿ ಮಾತ್ರ ಎರಡಕ್ಕೂ ಒಮ್ಮತ. ಕಳೆದ ಏಳೆಂಟು ದಶಕಗಳ ಅಧ್ಯಯನಗಳನ್ನು ಅವಲೋಕಿಸಿದರೆ, ಹುಟ್ಟು ಮತ್ತು ಪಾಲನೆ ಎರಡಕ್ಕೂ ಪಾಲಿದೆಯೆಂದೂ, ಗಾದೆಗಳು ಒಮ್ಮತದಿಂದ ಸಾರುವ ಮಾತು ಮಾತ್ರ ಪೂರ್ಣ ಸತ್ಯವಲ್ಲವೆಂದೂ ತಿಳಿದುಬರುತ್ತದೆ.

ವ್ಯಕ್ತಿತ್ವದೋಷವೆಂದರೇನು?

ಒಬ್ಬರು ಮುಂಗೋಪಿಗಳು, ಮತ್ತೊಬ್ಬರು ಸಂಕೋಚದವರು, ಇನ್ನೊಬ್ಬರು ಎಲ್ಲದರಲ್ಲಿಯೂ ಅಚ್ಚುಕಟ್ಟನ್ನು ಬಯಸುವವರು. ಇವು ಸ್ವಭಾವದ ಭೇದಗಳೇ ಹೊರತು ರೋಗಗಳಲ್ಲ. ತನ್ನನ್ನು ತಾನು ಕಾಣುವ ಬಗೆ, ಇತರರೊಡನೆ ಬಾಳುವ ಬಗೆ ಇವು ವರ್ಷಗಟ್ಟಲೆ ಏರುಪೇರಾಗಿ, ಮನೆ, ಉದ್ಯೋಗ, ಸ್ನೇಹ ಎಲ್ಲೆಡೆಯೂ ಒಡಕು ಕಾಣಿಸಿಕೊಂಡು, ವ್ಯಕ್ತಿಗೂ ಸುತ್ತಲಿನವರಿಗೂ ಸಂಕಟವುಂಟಾದಾಗ ಮನೋವೈದ್ಯರು ಅದನ್ನು ವ್ಯಕ್ತಿತ್ವದೋಷವೆಂದು ಕರೆಯುತ್ತಾರೆ. ‘ದೋಷ’ವೆಂಬ ಪದವಿದ್ದರೂ ಇದು ನಡತೆಗೇಡಲ್ಲ, ಚಿಕಿತ್ಸೆಗೆ ಒಳಪಡುವ ಅಸ್ವಸ್ಥತೆ.

ಇದರಲ್ಲಿ ಹಲವು ಬಗೆಗಳುಂಟು. ‘ಬಾರ್ಡರ್‌ಲೈನ್’ ಎಂಬ ಬಗೆಯಲ್ಲಿ ಭಾವನೆಗಳು ಹಠಾತ್ತನೆ ಉಕ್ಕಿ ಇಳಿಯುತ್ತವೆ. ಆತ್ಮೀಯರು ತನ್ನನ್ನು ತೊರೆದುಬಿಡುವರೆಂಬ ಭಯ ಕಾಡುತ್ತದೆ. ಇಂದು ದೇವರಂತೆ ಕಂಡವರು ನಾಳೆ ವೈರಿಯಂತೆ ಕಾಣುತ್ತಾರೆ. ಹಲವರು ತಮ್ಮ ದೇಹವನ್ನೇ ಗಾಯಗೊಳಿಸಿಕೊಳ್ಳುವುದೂ ಉಂಟು. ಸಮಾಜವಿರೋಧಿ ಬಗೆಯಲ್ಲಿ ಪರರ ಹಕ್ಕನ್ನು ಲೆಕ್ಕಿಸದಿರುವುದು, ಮಾಡಿದ್ದಕ್ಕೆ ಪಶ್ಚಾತ್ತಾಪವಿಲ್ಲದಿರುವುದು ಮುಖ್ಯ ಲಕ್ಷಣಗಳು.

ಬಾಲ್ಯದೊಡನೆ ಸಂಬಂಧ

ಶಿಶುವಿಗೆ ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವವರ ಎಡೆಬಿಡದ, ಬೆಚ್ಚನೆಯ ಸಂಬಂಧವು ಮಾನಸಿಕ ಆರೋಗ್ಯಕ್ಕೆ ಅಗತ್ಯವೆಂದು ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ಅವರು 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯಲ್ಲಿ ಪ್ರತಿಪಾದಿಸಿದರು. ಅಲ್ಲಿಂದೀಚೆಗೆ ಈ ವಿಷಯದಲ್ಲಿ ಅನೇಕ ಅಧ್ಯಯನಗಳು ನಡೆದಿವೆ.

ಬಾರ್ಡರ್‌ಲೈನ್ ವ್ಯಕ್ತಿತ್ವವನ್ನು ಕುರಿತ 97 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಅಂತಹ ರೋಗಿಗಳಲ್ಲಿ ನೂರಕ್ಕೆ 71 ಮಂದಿ ಬಾಲ್ಯದಲ್ಲಿ ಒಂದಲ್ಲ ಒಂದು ಬಗೆಯ ಪೀಡನೆಯನ್ನು ಅನುಭವಿಸಿದ್ದಾಗಿ ಹೇಳಿದ್ದರು. ಅವುಗಳಲ್ಲಿ ಎದ್ದು ಕಂಡದ್ದು ಹೊಡೆತಬಡಿತವಲ್ಲ. ಹೀಯಾಳಿಕೆ, ತಿರಸ್ಕಾರ, ಕಡೆಗಣನೆಗಳು. ಮೈಮೇಲೆ ಬಾಸುಂಡೆ ಮೂಡಿಸದ ಪೀಡನೆಯೂ ಪೀಡನೆಯೇ ಎಂಬುದನ್ನು ಇದು ತೋರಿಸುತ್ತದೆ.

ದುಃಖದಲ್ಲಿರುವವರಿಗೆ ಬಾಲ್ಯದ ನೆನಪುಗಳೂ ಕಹಿಯಾಗಿ ಕಾಣಬಹುದಲ್ಲವೇ ಎಂಬ ಆಕ್ಷೇಪಣೆ ಇಲ್ಲಿ ಸಹಜ. ಇದಕ್ಕೆ ಉತ್ತರ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಅಧ್ಯಯನವೊಂದರಲ್ಲಿ ದೊರೆಯುತ್ತದೆ. ಅಲ್ಲಿ 639 ಕುಟುಂಬಗಳ ಮಕ್ಕಳನ್ನು 1975ರಿಂದ 1990ರ ದಶಕದವರೆಗೂ ಗಮನಿಸುತ್ತ ಬರಲಾಯಿತು; ಪೀಡನೆಯ ಬಗ್ಗೆ ಸರಕಾರಿ ದಾಖಲೆಗಳನ್ನೂ ಪರಿಶೀಲಿಸಲಾಯಿತು. ಬಾಲ್ಯದಲ್ಲಿ ಪೀಡನೆಗೆ ಇಲ್ಲವೆ ಕಡೆಗಣನೆಗೆ ಒಳಗಾದುದು ದಾಖಲಾಗಿದ್ದವರಲ್ಲಿ ವ್ಯಕ್ತಿತ್ವದೋಷದ ಸಂಭವ ಇತರರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚೆಂದು 1999ರಲ್ಲಿ ಪ್ರಕಟವಾಯಿತು. ತಂದೆತಾಯಿಗಳ ವಿದ್ಯಾಭ್ಯಾಸ, ಅವರ ಮಾನಸಿಕ ರೋಗಗಳು ಇವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆಯೂ ಈ ಅಂತರ ಉಳಿಯಿತು.

ಭಾರತದ ಮಕ್ಕಳ ಸ್ಥಿತಿಯೂ ನೆಮ್ಮದಿ ಕೊಡುವಂತಹುದಲ್ಲ. ಕೇಂದ್ರ ಸರಕಾರವು 13 ರಾಜ್ಯಗಳ 12,447 ಮಕ್ಕಳನ್ನು ಪ್ರಶ್ನಿಸಿ 2007ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೂವರಲ್ಲಿ ಇಬ್ಬರು ಮಕ್ಕಳು ದೈಹಿಕ ಪೀಡನೆಗೆ ಒಳಗಾಗಿದ್ದರು. ಮನೆಯೊಳಗೆ ನಡೆದ ಹೊಡೆತಗಳಲ್ಲಿ ಬಹುಪಾಲು ಹೆತ್ತವರ ಕೈಯಿಂದಲೇ ಬಿದ್ದವುಗಳಾಗಿದ್ದವು.

ಇದು ನಡೆಯುವ ಬಗೆ

ಅಪಾಯ ಬಂದಾಗ ಮಿದುಳು ಎಚ್ಚರಿಕೆ ಕೊಡುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಕಾರ್ಟಿಸಾಲ್ ಮೊದಲಾದ ರಸಗಳು ಒಸರುತ್ತವೆ. ಅಪಾಯ ಕಳೆದೊಡನೆ ದೇಹವು ಶಾಂತವಾಗಬೇಕು. ಎಳೆಯ ಮಗು ತಾನಾಗಿ ಶಾಂತವಾಗಲಾರದು. ಎತ್ತಿಕೊಂಡು ಸಂತೈಸುವವರಿಂದ ಆ ವಿದ್ಯೆಯನ್ನು ಕಲಿಯುತ್ತದೆ. ಸಂತೈಸಬೇಕಾದವರೇ ಭಯಕ್ಕೆ ಕಾರಣರಾದಾಗ ಈ ಕಲಿಕೆ ನಿಲ್ಲುತ್ತದೆ. ಬೆಳೆಯುತ್ತಿರುವ ಮಿದುಳು ಸದಾ ಕಾವಲಿನಲ್ಲಿರುವುದನ್ನೇ ರೂಢಿ ಮಾಡಿಕೊಳ್ಳುತ್ತದೆ. ಇತರರನ್ನು ನಂಬದಿರುವುದು, ಕ್ಷಣದಲ್ಲಿ ಸಿಡಿಯುವುದು, ತಾನು ಪ್ರೀತಿಗೆ ಅರ್ಹನಲ್ಲವೆಂದು ಭಾವಿಸುವುದು ಆ ಮನೆಯಲ್ಲಿ ಮಗುವಿನ ರಕ್ಷಣೆಗೆ ಒದಗಿದ ಉಪಾಯಗಳು. ಬೆಳೆದ ಮೇಲೆ ಅವೇ ಬಾಳಿಗೆ ತೊಡಕಾಗುತ್ತವೆ.

ಆದರೆ ಬಾಲ್ಯವೊಂದೇ ಕಾರಣವಲ್ಲ. ಅವಳಿ ಮಕ್ಕಳ ಅಧ್ಯಯನಗಳಿಂದ ವಂಶವಾಹಿಗಳ ಪಾಲು ಸುಮಾರು ಅರ್ಧದಷ್ಟೆಂದು ಕಂಡುಬಂದಿದೆ. ಅಕ್ಕರೆಯಿಂದ ಬೆಳೆದವರಲ್ಲಿಯೂ ಈ ದೋಷ ತೋರಬಹುದು. ಆದುದರಿಂದ ರೋಗಿಯನ್ನು ಕಂಡೊಡನೆ ಅವರ ತಂದೆತಾಯಿಗಳನ್ನು ದೂಷಿಸುವುದು ನ್ಯಾಯವಲ್ಲ.

ಒಬ್ಬರ ಆಸರೆ

ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಮನಶ್ಶಾಸ್ತ್ರಜ್ಞೆಯೂ ಅವರ ಸಂಗಡಿಗರೂ ದಶಕಗಳ ಕಾಲ ಗಮನಿಸಿದರು. ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಮನೋರೋಗ ಮೊದಲಾದ ಹಲವು ಕಷ್ಟಗಳ ನಡುವೆ ಬೆಳೆದವರು. ಅವರಲ್ಲಿಯೂ ಮೂವರಲ್ಲಿ ಒಬ್ಬರು ಸಮರ್ಥರೂ ಪ್ರೀತಿವಂತರೂ ಆದ ವಯಸ್ಕರಾದರು. ಹರೆಯದಲ್ಲಿ ಹಾದಿ ತಪ್ಪಿದ್ದವರಲ್ಲಿ ಹೆಚ್ಚಿನವರು ನಡುವಯಸ್ಸಿನ ಹೊತ್ತಿಗೆ ಚೇತರಿಸಿಕೊಂಡಿದ್ದರು. ಗೆದ್ದುಬಂದವರಲ್ಲಿ ಸಾಮಾನ್ಯವಾಗಿ ಕಂಡುಬಂದ ಅಂಶವೆಂದರೆ, ಅವರನ್ನು ಮನಸಾರೆ ಒಪ್ಪಿಕೊಂಡ ಕನಿಷ್ಠ ಒಬ್ಬ ಹಿರಿಯರು ಇದ್ದುದು. ಅವರು ಹೆತ್ತವರೇ ಆಗಿರಬೇಕೆಂದಿರಲಿಲ್ಲ. ಅಜ್ಜ, ಅಜ್ಜಿ, ಅಕ್ಕ, ನೆರೆಯವರು, ಶಾಲೆಯ ಶಿಕ್ಷಕರು ಯಾರಾದರೂ ಆಗಬಹುದಿತ್ತು.

ಚಿಕಿತ್ಸೆ

ಅಮೆರಿಕದ ಮೆಕ್ಲೀನ್ ಆಸ್ಪತ್ರೆಯ ಅಧ್ಯಯನದಲ್ಲಿ 290 ಬಾರ್ಡರ್‌ಲೈನ್ ರೋಗಿಗಳನ್ನು ಹತ್ತು ವರ್ಷಗಳ ಕಾಲ ಗಮನಿಸಿದಾಗ, ನೂರಕ್ಕೆ 93 ಮಂದಿಯಲ್ಲಿ ರೋಗಲಕ್ಷಣಗಳು ಕನಿಷ್ಠ ಎರಡು ವರ್ಷ ಶಮನಗೊಂಡಿದ್ದವು. ಉದ್ಯೋಗ, ಸಂಬಂಧಗಳಲ್ಲಿಯೂ ಚೆನ್ನಾಗಿ ನೆಲೆಗೊಂಡು ಪೂರ್ಣವಾಗಿ ಚೇತರಿಸಿಕೊಂಡವರು ಅರ್ಧದಷ್ಟು ಮಂದಿ. ಮರವೂ ಬಗ್ಗುತ್ತದೆ, ಆದರೆ ನಿಧಾನವಾಗಿ, ಸಹನೆಯಿಂದ.

ಮುಖ್ಯ ಚಿಕಿತ್ಸೆ ಮಾತಿನ ಮೂಲಕ ನಡೆಯುವ ಮನೋಚಿಕಿತ್ಸೆ. ಮಾರ್ಷಾ ಲೈನ್‌ಹನ್ ಅವರು ರೂಪಿಸಿದ ಕ್ರಮದಲ್ಲಿ ಭಾವೋದ್ರೇಕವನ್ನು ತಡೆದುಕೊಳ್ಳುವ, ಸಂಬಂಧಗಳನ್ನು ನಿಭಾಯಿಸುವ ಕೌಶಲಗಳನ್ನು ಹಂತಹಂತವಾಗಿ ಕಲಿಸಲಾಗುತ್ತದೆ. ಇದರಿಂದ ಆತ್ಮಘಾತಕ ಯತ್ನಗಳು ಕಡಿಮೆಯಾಗುತ್ತವೆಂದು 1991ರಲ್ಲಿಯೇ ತೋರಿಸಲಾಯಿತು. ಜೊತೆಗಿರುವ ಖಿನ್ನತೆ ಮೊದಲಾದವುಗಳಿಗೆ ಮಾತ್ರೆಗಳು ನೆರವಾಗಬಹುದಾದರೂ ವ್ಯಕ್ತಿತ್ವದೋಷವನ್ನೇ ವಾಸಿಮಾಡುವ ಔಷಧವಿಲ್ಲ.

ಮನೆಯವರ ಕರ್ತವ್ಯ

ಊರು ಬಿಟ್ಟು ಮಹಾನಗರದಲ್ಲಿ ನೆಲೆಸಿದ ಕುಟುಂಬಗಳಿಗೆ ಈ ವಿಷಯ ವಿಶೇಷವಾಗಿ ಅನ್ವಯಿಸುತ್ತದೆ. ಎರಡು ಕೋಣೆಯ ಮನೆ, ದೂರದ ಕಛೇರಿ, ಗಂಡಹೆಂಡಿರಿಬ್ಬರಿಗೂ ದುಡಿಮೆ. ಮಗು ಅತ್ತರೆ ಎತ್ತಿಕೊಳ್ಳುವ ಎರಡನೆಯ ಕೈ ಮನೆಯಲ್ಲಿರುವುದಿಲ್ಲ. ದಣಿದು ಬಂದವರ ಸಿಟ್ಟು ಮಗುವಿನ ಮೇಲೆ ತಿರುಗುವುದು ಇಂತಹ ಹೊತ್ತಿನಲ್ಲಿಯೇ. ಒಂದು ದಿನದ ಗದರಿಕೆಯಿಂದ ವ್ಯಕ್ತಿತ್ವ ಕೆಡದು. ಗದರಿದವರು ಬಳಿಕ ಬಳಿಗೆ ಕರೆದು ಸಮಾಧಾನಪಡಿಸಿದರೆ ಸಂಬಂಧ ಮತ್ತೆ ಕೂಡುತ್ತದೆ. ದಿನವೂ ಹೀಯಾಳಿಸುವುದು, ನೆರೆಮನೆಯ ಮಗುವಿನೊಡನೆ ಹೋಲಿಸಿ ಹಳಿಯುವುದು, ಮಗುವಿನೆದುರು ಗಂಡಹೆಂಡಿರು ಕೈ ಎತ್ತುವುದು ಇವನ್ನು ಮಾತ್ರ ತಡೆಯಲೇಬೇಕು. ಮಗುವನ್ನು ಊರಿನಲ್ಲಿ ಅಜ್ಜಿಯ ಬಳಿ ಬಿಟ್ಟವರು ತಪ್ಪು ಮಾಡಿದೆವೆಂದು ಕೊರಗಬೇಕಾದುದಿಲ್ಲ. ಅಲ್ಲಿನ ಅಕ್ಕರೆ ಸ್ಥಿರವಾಗಿದ್ದು, ಹೆತ್ತವರು ಕೊಟ್ಟ ಮಾತಿನಂತೆ ಬಂದುಹೋಗುತ್ತಿದ್ದರೆ ಅದೂ ಗಟ್ಟಿ ಆಸರೆಯೇ. ಮಗುವನ್ನು ಪದೇ ಪದೇ ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಒಳಿತಲ್ಲ.

ಮನದ ನೋವನ್ನು ಪರಭಾಷೆಯಲ್ಲಿ ತೋಡಿಕೊಳ್ಳುವುದು ಕಷ್ಟ. 2022ರಲ್ಲಿ ಆರಂಭವಾದ ಕೇಂದ್ರ ಸರಕಾರದ ‘ಟೆಲಿ-ಮಾನಸ್’ ಉಚಿತ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೂ ಸಲಹೆ ಪಡೆಯಬಹುದು. ಪೀಡನೆಗೊಳಗಾದ ಮಗುವಿನ ಬಗ್ಗೆ 1098ಕ್ಕೆ ತಿಳಿಸಬಹುದು. ತಾನು ಅನುಭವಿಸಿದ ಹೊಡೆತವನ್ನು ತನ್ನ ಮಕ್ಕಳಿಗೆ ದಾಟಿಸದಿರಲು ನಿಶ್ಚಯಿಸಿ ನೆರವು ಕೇಳುವುದು ನಾಚಿಕೆಯ ವಿಷಯವಲ್ಲ. ಸ್ವಂತ ಮಕ್ಕಳಿಲ್ಲದವರೂ, ಮಕ್ಕಳು ಬೆಳೆದು ದೂರ ಹೋದ ಹಿರಿಯರೂ ನೆರೆಹೊರೆಯ ಒಂದು ಮಗುವಿಗಾದರೂ ಇಂತಹ ಆಸರೆಯಾಗಬಲ್ಲರು.