ಸಿಯುಇಟಿ ಇಂಗ್ಲಿಷಿಗೆ ಈಗಿಂದಲೇ ಓದಿ
ಕೆರೆಬಿಳಚಿಯ ಪಿಯುಸಿ ಮಕ್ಕಳೇ, ಕಲಬುರಗಿ ಹತ್ತಿರದ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆ ಪದವಿ ಓದುವ ಆಸೆಯಿದ್ದರೆ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. 2022ರಲ್ಲಿ ಶುರುವಾದ ಈ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲೂ ಬರೆಯಬಹುದು. ಆದರೆ ಇಂಗ್ಲಿಷ್ ಭಾಷಾ ಪತ್ರಿಕೆ ಕೇಳುವ ಕೋರ್ಸುಗಳು ಸಾಕಷ್ಟಿವೆ. 2025ರಿಂದ ಅದಕ್ಕೆ 50 ಪ್ರಶ್ನೆ, 60 ನಿಮಿಷ.

ಗದ್ಯಭಾಗ ಓದಿ ಉತ್ತರಿಸುವುದೇ ಅದರ ಜೀವಾಳ. ಗೈಡು ಉರುಹೊಡೆದರೆ ಇದು ಬರುವುದಿಲ್ಲ. ಸೂಳೆಕೆರೆಯ ನೀರು, ಅಡಿಕೆ ಧಾರಣೆ, ಭದ್ರಾ ನಾಲೆ ಹೀಗೆ ನಮಗೆ ಗೊತ್ತಿರುವ ಸುದ್ದಿಯನ್ನು ಮೊದಲು ‘ಪ್ರಜಾವಾಣಿ’ಯಲ್ಲಿ ಓದಿ, ಆಮೇಲೆ ಅದನ್ನೇ ‘ಡೆಕ್ಕನ್ ಹೆರಾಲ್ಡ್’ನಲ್ಲಿ ಹುಡುಕಿ. ವಿಷಯ ತಿಳಿದಿರುವುದರಿಂದ ಹೊಸ ಪದದ ಅರ್ಥ ತಾನಾಗಿ ಹೊಳೆಯುತ್ತದೆ. ಪತ್ರಿಕೆ ಮಡಚಿಟ್ಟು, ಬರೆದವರು ಹೇಳಿದ್ದೇನು ಅಂತ ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯಿರಿ. ತಪ್ಪಾದರೂ ಚಿಂತೆಯಿಲ್ಲ, ಬರೆಯಿರಿ.

ಇನ್ನು ವ್ಯಾಕರಣ. ‘ದ ಲಿಸ್ಟ್ ಆಫ್ ಬುಕ್ಸ್’ ಆದಮೇಲೆ ‘ಈಸ್’ ಬರಬೇಕೋ ‘ಆರ್’ ಬರಬೇಕೋ? ಪಕ್ಕದಲ್ಲೇ ‘ಬುಕ್ಸ್’ ಇದೆಯಲ್ಲ, ಕೈ ‘ಆರ್’ ಕಡೆಗೇ ಹೋಗುತ್ತದೆ. ಆದರೆ ಕರ್ತೃ ‘ಲಿಸ್ಟ್’, ಅದು ಏಕವಚನ. ಹಾಗಾಗಿ ‘ಈಸ್’ ಸರಿ. ಮನೆಯಲ್ಲಿ ಅಭ್ಯಾಸ ಮಾಡುವಾಗ ‘ಆಫ್ ಬುಕ್ಸ್’ ಅನ್ನು ಬೆರಳಿನಿಂದ ಮುಚ್ಚಿ ಓದಿ ನೋಡಿ, ಗೊಂದಲವೇ ಇರುವುದಿಲ್ಲ.

ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುವುದರಿಂದ, ಅದನ್ನು ನಡೆಸುವ ಸಂಸ್ಥೆಯಾದ ಎನ್‌ಟಿಎ ಜಾಲತಾಣದ ಉಚಿತ ಅಣಕು ಪರೀಕ್ಷೆಯನ್ನೂ ಬಿಡಬೇಡಿ. ಸರಿಯುತ್ತರಕ್ಕೆ 5 ಅಂಕ, ತಪ್ಪಿಗೆ 1 ಅಂಕ ಕಡಿತ. ನಾಲ್ಕು ಆಯ್ಕೆಗಳಲ್ಲಿ ಎರಡು ತಪ್ಪೆಂದು ಖಚಿತವಾದರೆ ಉಳಿದೆರಡರಲ್ಲಿ ಒಂದನ್ನು ಧೈರ್ಯವಾಗಿ ಗುರುತು ಮಾಡಿ.