ಹರಿದರೂ ಸರಿ, ಪುಸ್ತಕ ಮಕ್ಕಳ ಕೈಗೆ ಕೊಡು

ಮಗಳೇ, ಪಂಚಾಯಿತಿ ಗ್ರಂಥಾಲಯಕ್ಕೆ ಮೇಲ್ವಿಚಾರಕಿಯಾಗಿ ಸೇರಿದ್ದೀಯೆಂದು ಕೇಳಿ ಬಹಳ ಸಂತೋಷವಾಯಿತು. ಪತ್ರಿಕೆಗಳನ್ನು ಹೇಗೆ ಜೋಡಿಸಬೇಕು, ರಿಜಿಸ್ಟರ್ ಹೇಗೆ ಬರೆಯಬೇಕು ಅಂತ ನಿನಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಪ್ರಾಥಮಿಕ ಶಾಲೆಯ ಮಕ್ಕಳ ನಡುವೆಯೇ ಆಯುಸ್ಸು ಕಳೆದ ನಾನು ಹೇಳುವುದು ಒಂದೇ ಮಾತು. ಚಿತ್ರಪುಸ್ತಕಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬೇಡ. ಮಕ್ಕಳ ಕೈಗೆ ಕೊಡು. ಹರಿಯುತ್ತವೆ, ಹರಿಯಲಿ.

ನಿನ್ನ ಹೆದರಿಕೆ ಏನೆಂದು ನನಗೆ ಗೊತ್ತು. ನಾಳೆ ಯಾರೋ ತಪಾಸಣೆಗೆ ಬಂದು ಪುಸ್ತಕ ಎಣಿಸಿ, ನಾಲ್ಕು ಕಡಿಮೆಯಿದ್ದರೆ ನಿನ್ನ ಗೌರವಧನಕ್ಕೇ ಕೈ ಹಾಕಿದರೆ ಎಂಬ ಭಯ. ಈ ಭಯದಿಂದಲೇ ಎಷ್ಟೋ ಊರುಗಳಲ್ಲಿ ಮಕ್ಕಳ ಪುಸ್ತಕಗಳು ಹೊಸ ವಾಸನೆ ಕೂಡ ಹೋಗದೆ ಗೆದ್ದಲಿಗೆ ಸಿಕ್ಕಿವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳಿಗೆಂದೇ ಒಂದು ನಿಯಮವಿದೆ. ಓದುಗರ ಕೈಗೆ ಹೋದ ಪ್ರತಿ ಸಾವಿರ ಪುಸ್ತಕಕ್ಕೆ ವರ್ಷಕ್ಕೆ 5 ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಪರಿಗಣಿಸಬಹುದು; ಅದರಲ್ಲಿ ಮೋಸವಾಗಲಿ ನಿರ್ಲಕ್ಷ್ಯವಾಗಲಿ ಇರಬಾರದು, ಅಷ್ಟೇ. ಅದು ಕೇಂದ್ರದ ಕಚೇರಿಗಳಿಗಾಗಿ ಬರೆದದ್ದು, ನಿನ್ನ ಪಂಚಾಯಿತಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ಪಿಡಿಒ ಸಾಹೇಬರ ಜೊತೆ ಮಾತಿಗೆ ಕೂತಾಗ ಹೇಳಲು ಒಳ್ಳೆಯ ಮಾತು. ಬಳಸಿದ ಪುಸ್ತಕ ಸವೆಯುತ್ತದೆಂದು ಲೆಕ್ಕದವರೇ ಒಪ್ಪಿದ್ದಾರಲ್ಲ!

ನಮ್ಮ ದೇಶದ ಗ್ರಂಥಾಲಯಗಳಿಗೆ ದಾರಿ ತೋರಿಸಿದ ಎಸ್. ಆರ್. ರಂಗನಾಥನ್ ಅವರು ಮೊದಲು ಗಣಿತದ ಮೇಷ್ಟ್ರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕಟ್ಟಿಕೊಟ್ಟಾಗ, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದನ್ನೇ ಮೊದಲನೆಯದಾಗಿ ಇಟ್ಟರು. ಹಿಂದಿನ ಕಾಲದ ಯೂರೋಪಿನಲ್ಲಿ ಪುಸ್ತಕಗಳಿಗೆ ಸರಪಳಿ ಬಿಗಿದು ಇಡುತ್ತಿದ್ದುದನ್ನು ಅವರು ಅಲ್ಲೇ ನೆನೆಸಿಕೊಳ್ಳುತ್ತಾರೆ. ಅವರ ಕೊನೆಯ ವರ್ಷಗಳು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಸರಪಳಿ ಹೋಗಿ ಬೀಗ ಬಂದರೆ ಆ ಸೂತ್ರಕ್ಕೆ ಏನು ಬೆಲೆ, ನೀನೇ ಹೇಳು.

ಈಗ ಕೆಲಸದ ಮಾತಿಗೆ ಬರುತ್ತೇನೆ. ಚಿತ್ರಪುಸ್ತಕ ಹದಿನಾರೋ ಇಪ್ಪತ್ತನಾಲ್ಕೋ ಪುಟದ್ದು, ನಡುವೆ ಪಿನ್ನು ಹೊಡೆದದ್ದು. ಅದಕ್ಕೆ ಬೆನ್ನೇ ಇರುವುದಿಲ್ಲ. ದಪ್ಪ ಕಾದಂಬರಿಗಳ ಹಾಗೆ ಕಪಾಟಿನಲ್ಲಿ ನಿಲ್ಲಿಸಿದರೆ ಹೆಸರೂ ಕಾಣದು, ಚಿತ್ರವೂ ಕಾಣದು. ಅದರ ಮುಖಪುಟ ಮಗುವಿನ ಕಣ್ಣಿಗೆ ನೇರವಾಗಿ ಬೀಳಬೇಕು. ಗೋಡೆಗೆ ಎರಡು ಮೊಳೆ ಹೊಡೆದು ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಪುಸ್ತಕ ನೇತುಹಾಕು. ಎತ್ತರ ಎಷ್ಟಿರಬೇಕು ಅಂದರೆ, ಒಂದನೇ ಕ್ಲಾಸಿನ ಮಗು ಯಾರನ್ನೂ ಕೇಳದೆ ತಾನೇ ಕಿತ್ತುಕೊಳ್ಳುವಷ್ಟು. ವಾರಕ್ಕೊಮ್ಮೆ ಪುಸ್ತಕ ಬದಲಾಯಿಸು.

ಸದ್ದಿನ ಜಗಳವೂ ಬರುತ್ತದೆ. ನಿನ್ನ ಗ್ರಂಥಾಲಯದಲ್ಲಿ ಪೇಪರ್ ಓದುವ ಹಿರಿಯರಿದ್ದಾರೆ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗರಿದ್ದಾರೆ. ಮಕ್ಕಳು ನಕ್ಕರೆ ಅವರು ಗದರುತ್ತಾರೆ. ಅವರದೂ ತಪ್ಪಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಜಗುಲಿಯಲ್ಲಿ ಒಂದು ಜಮಖಾನ ಹಾಸಿ, ಆ ಎರಡು ಗಂಟೆ ಮಕ್ಕಳದೇ ಎಂದು ಬೋರ್ಡು ಬರೆದುಬಿಡು. 'ಓದುವ ಬೆಳಕು' ಕಾರ್ಯಕ್ರಮ ಬಂದ ಮೇಲೆ 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವ ಉಚಿತವಾಗಿದೆ, ನಿನಗೆ ಗೊತ್ತೇ ಇದೆ. ಆದರೆ ಆರಕ್ಕಿಂತ ಚಿಕ್ಕವೂ ಅಕ್ಕನ ಸೊಂಟದ ಮೇಲೆ ಕೂತು ಬರುತ್ತವೆ. ಹೊರಗೆ ಕಳಿಸಬೇಡ. ಚಿತ್ರಪುಸ್ತಕ ಹುಟ್ಟಿದ್ದೇ ಅವುಗಳಿಗಾಗಿ. ತಮ್ಮನನ್ನು ನೋಡಿಕೊಳ್ಳಬೇಕೆಂದು ಗ್ರಂಥಾಲಯಕ್ಕೆ ಬರಲಾಗದ ಹುಡುಗಿಗೂ ಆಗ ಒಂದು ದಾರಿಯಾಗುತ್ತದೆ.

ಓದಿ ಹೇಳುವುದನ್ನು ಕಲಿತುಕೋ. ಪುಸ್ತಕವನ್ನು ನಿನ್ನ ಕಡೆಗಲ್ಲ, ಮಕ್ಕಳ ಕಡೆಗೆ ತಿರುಗಿಸಿ ಕಿವಿಯ ಪಕ್ಕ ಹಿಡಿ. ಬರೆದವರ ಹೆಸರು, ಚಿತ್ರ ಬಿಡಿಸಿದವರ ಹೆಸರು ಎರಡನ್ನೂ ಹೇಳು. ಪುಟ ತಿರುಗಿಸುವ ಮೊದಲು ಒಂದು ಕ್ಷಣ ನಿಲ್ಲು. ಪ್ರಥಮ್ ಬುಕ್ಸ್‌ನವರು ತಂದಿರುವ ಶೃಂಗೇರಿ ಶ್ರೀನಿವಾಸನ ಕಥೆಯನ್ನೇ ತೆಗೆದುಕೋ. ರೋಹಿಣಿ ನಿಲೇಕಣಿ ಬರೆದದ್ದು. ಉದ್ದ ಕೂದಲು ಕತ್ತರಿಸಿಕೊಳ್ಳಬೇಕೆಂದು ಅವನು ಕ್ಷೌರಿಕನ ಹತ್ತಿರ ಹೋದರೆ ಪುರುಸೊತ್ತಿಲ್ಲ, ಹೆಂಡತಿಗೂ ಇಲ್ಲ, ದರ್ಜಿಗೂ ಇಲ್ಲ, ಬಡಗಿಗೂ ಇಲ್ಲ. ಎರಡು ಸಲ 'ಇಲ್ಲ' ಕೇಳಿದ ಮಕ್ಕಳು ಮೂರನೆಯದಕ್ಕೆ ನಿನಗಿಂತ ಮೊದಲೇ ಕೂಗುತ್ತಾರೆ. ಕೂಗಲಿ ಬಿಡು, ಅದೇ ಓದಿನ ಶುರು. ಕೊನೆಗೆ ಒಂದು ಹುಲಿ ಬರುತ್ತದೆ, ಮುಂದಿನದನ್ನು ನಾನು ಹೇಳುವುದಿಲ್ಲ.

ಕಥೆ ಮುಗಿದ ಮೇಲೆ 'ಇದರಿಂದ ನಾವು ಕಲಿಯಬೇಕಾದ ನೀತಿ ಏನು?' ಎಂದು ಮಾತ್ರ ದಯವಿಟ್ಟು ಕೇಳಬೇಡ. ಅದು ಶಾಲೆಯ ಕೆಲಸ, ನಾವು ಮಾಡಿದ್ದೇವೆ, ಸಾಕಷ್ಟು ಮಾಡಿದ್ದೇವೆ. ಊಟ ಬಡಿಸಿ, ಉಂಡೇಳುವ ಮೊದಲೇ ಉಪ್ಪೆಷ್ಟಿತ್ತು ಹುಳಿಯೆಷ್ಟಿತ್ತು ಎಂದು ಪರೀಕ್ಷೆ ಮಾಡಿದರೆ ಯಾರು ಮತ್ತೆ ಆ ಮನೆಗೆ ಬರುತ್ತಾರೆ? ಅದೇ ಪುಸ್ತಕ ಮತ್ತೆ ಬೇಕು ಅಂದರೆ ಮತ್ತೆ ಓದು. ಅಕ್ಷರ ಬಾರದ ಮಗು ಬಾಯಿಪಾಠದಿಂದಲೇ ಪುಟ ತಿರುಗಿಸುತ್ತಾ 'ಓದಿದರೆ', ತಿದ್ದಬೇಡ. ಕಥೆ ಈ ಪುಟದಲ್ಲಿ ಇಷ್ಟೇ, ಉಳಿದದ್ದು ಮುಂದಿನ ಪುಟದಲ್ಲಿ ಎಂಬುದು ಅದಕ್ಕೆ ಆಗಲೇ ಗೊತ್ತಾಗಿದೆ.

ತಾಂಡಾದ ಮಕ್ಕಳು, ಮನೆಯಲ್ಲಿ ಉರ್ದುವೋ ತೆಲುಗೋ ಆಡುವ ಮಕ್ಕಳು ಬಂದರೆ, ಚಿತ್ರ ತೋರಿಸಿ ಅವರ ಮಾತಿನಲ್ಲೇ ಹೇಳಲು ಬಿಡು. ಇದಕ್ಕೆ ಮಾತಿಲ್ಲದ ಪುಸ್ತಕಗಳು ಬಹಳ ಒಳ್ಳೆಯವು. ನ್ಯಾಷನಲ್ ಬುಕ್ ಟ್ರಸ್ಟಿನವರು ಮಂಜುಳಾ ಪದ್ಮನಾಭನ್ ಅವರ ಒಂದು ಪುಸ್ತಕ ತಂದಿದ್ದಾರೆ. ಪೇಟೆಯ ಮಾರುಕಟ್ಟೆಯ ಕಥೆ, ಪೂರ್ತಿ ಚಿತ್ರದಲ್ಲೇ ನಡೆಯುತ್ತದೆ. ಸಂತೆ ಗೊತ್ತಿರುವ ಯಾವ ಮಗುವೂ ಅದನ್ನು ತನ್ನದೇ ಭಾಷೆಯಲ್ಲಿ ಓದಬಲ್ಲದು.

ಓದಿನ ಬಗ್ಗೆಯೇ ಇರುವ ಕಥೆಗಳನ್ನೂ ನಡುನಡುವೆ ಹೇಳು. ಮಹಾಶ್ವೇತಾದೇವಿ ಬರೆದು ಚೆನ್ನೈನ ತೂಲಿಕಾ ಪ್ರಕಟಿಸಿದ ಮೊಯ್ನಾಳ ಕಥೆಯಿದೆ. ಶಬರ ಬುಡಕಟ್ಟಿನ ಹುಡುಗಿ, ಬಾಬುಗಳ ಮೇಕೆ ಕಾಯುವವಳು, ಬಾಯಿ ತೆರೆದರೆ 'ಯಾಕೆ?' ಉತ್ತರಗಳು ಪುಸ್ತಕದಲ್ಲಿವೆ ಎಂದು ತಿಳಿದದ್ದೇ ತಡ, ಓದು ಕಲಿಯುವ ಹಠ ಹಿಡಿಯುತ್ತಾಳೆ. ನಿನ್ನ ಊರಲ್ಲೂ ಅಂಥವಳು ಒಬ್ಬಳಾದರೂ ಇದ್ದಾಳೆ, ಹುಡುಕು. ಕೊಲಂಬಿಯಾ ದೇಶದ ಮೇಷ್ಟ್ರು ಲೂಯಿಸ್ ಸೊರಿಯಾನೊ ಎರಡು ಕತ್ತೆಗಳ ಮೇಲೆ ಪುಸ್ತಕ ಹೊರಿಸಿಕೊಂಡು ದೂರದ ಹಳ್ಳಿಗಳಿಗೆ ಹೋಗುವುದನ್ನು ಜೀನೆಟ್ ವಿಂಟರ್ 2010ರಲ್ಲಿ ಚಿತ್ರಪುಸ್ತಕ ಮಾಡಿದ್ದಾರೆ. ಇರಾಕಿನ ಬಸ್ರಾದಲ್ಲಿ 2003ರ ಯುದ್ಧದ ಹೊತ್ತಿಗೆ ಆಲಿಯಾ ಎಂಬ ಗ್ರಂಥಪಾಲಕಿ ನೆರೆಹೊರೆಯವರನ್ನು ಸೇರಿಸಿ, ಸುಮಾರು 30,000 ಪುಸ್ತಕಗಳನ್ನು ಬೆಂಕಿಗೆ ಸಿಗದಂತೆ ಸಾಗಿಸಿದ್ದನ್ನೂ ವಿಂಟರ್ ಅವರೇ ಬರೆದಿದ್ದಾರೆ. ಇವು ಇಂಗ್ಲಿಷಿನಲ್ಲಿದ್ದರೆ ಏನಂತೆ, ಚಿತ್ರ ತೋರಿಸಿ ನಮ್ಮ ಮಾತಿನಲ್ಲಿ ಹೇಳು.

ದುಡ್ಡಿಲ್ಲ ಅನ್ನಬೇಡ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು, ಮುದ್ರಿಸಿಕೊಳ್ಳಲೂ ಅವರ ಅಡ್ಡಿಯಿಲ್ಲ. ಗ್ರಾಮಸ್ಥರು ಮುಖ ಸಿಂಡರಿಸಿದರೆ, ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ಅವರೇ ಕಟ್ಟುತ್ತಿರುವುದನ್ನು ನೆನಪಿಸು. ಕಟ್ಟಿದ ಮೇಲೆ ಅವರ ಮೊಮ್ಮಕ್ಕಳು ಬಳಸಬೇಡವೇ?

ಹರಿದದ್ದನ್ನು ಎಸೆಯಬೇಡ. ಮಳೆಗಾಲದಲ್ಲಿ ನಡುವಿನ ಪಿನ್ನು ತುಕ್ಕು ಹಿಡಿದು ಹಾಳೆ ಬಿಡುತ್ತದೆ. ಪಿನ್ನು ಕಿತ್ತು, ಮಡಿಕೆಯ ಮೇಲೆ ದಬ್ಬಣದಿಂದ ಮೂರು ತೂತು ಮಾಡಿ, ಗಟ್ಟಿ ದಾರದಲ್ಲಿ ಹೊಲಿ. ಹರಿದ ಕಡೆ ಸೆಲ್ಲೋಟೇಪ್ ಹಚ್ಚಿದರೆ ಕೆಲವೇ ವರ್ಷದಲ್ಲಿ ಹಳದಿಯಾಗಿ ಒಣಗಿ ಉದುರುತ್ತದೆ. ಮೈದಾ ಅಂಟು ಮಾಡಿ ತೆಳು ಕಾಗದ ಹಚ್ಚುವುದೇ ಮೇಲು. ಆರನೇ ಏಳನೇ ಕ್ಲಾಸಿನ ಮಕ್ಕಳಿಗೆ ಹೇಳಿಕೊಟ್ಟರೆ ಅವರೇ ಮಾಡುತ್ತಾರೆ. ಸ್ವಂತ ಕೈಯಲ್ಲಿ ಹೊಲಿದ ಪುಸ್ತಕವನ್ನು ಯಾರೂ ಒರಟಾಗಿ ಹಿಡಿಯುವುದಿಲ್ಲ.

ಇನ್ನು ತಪಾಸಣೆ. ಹರಿದ, ಕಳೆದ ಪುಸ್ತಕಗಳಿಗೆ ಒಂದು ಪಟ್ಟಿ ಇಡು, ದಿನಾಂಕ ಹಾಕಿ ಪ್ರಾಮಾಣಿಕವಾಗಿ ಬರೆ. ಮಕ್ಕಳು ಒಯ್ದು ಓದಿದ್ದಕ್ಕೂ ಇನ್ನೊಂದು ಪಟ್ಟಿ ಇಡು. ಯಾರಾದರೂ ಬಂದು 'ಇಷ್ಟು ಹೇಗೆ ಹರಿಯಿತು?' ಎಂದು ಕೇಳಿದರೆ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ತೋರಿಸು. ಒಂದೂ ಹರಿಯದ ಗ್ರಂಥಾಲಯದವರು ಉತ್ತರ ಕೊಡಬೇಕಾದ ಪ್ರಶ್ನೆ ಅದಕ್ಕಿಂತ ದೊಡ್ಡದು.